ಮಂಜುಗಡ್ಡೆ ತೆರೆಸಿದ ಕಣ್ಣು

ಓಡುವ ಲಾರಿಯಲ್ಲಿ ಡ್ರೈವರನ ಎರಡೂ ರೆಪ್ಪೆಗಳು ತಾವಾಗಿ ಇಳಿದರೆ ಪಕ್ಕದವನ ಗತಿ ಏನಾಗಿರಬೇಕು, ಊಹಿಸಿ ನೋಡೋಣ! ಭಟ್ಕಳದಲ್ಲಿ ಬಸ್ಸು ತಪ್ಪಿ, ಹೊನ್ನಾವರದ ಮೀನಿನ ಲಾರಿ ಹತ್ತಿದ್ದೆ. ಮುಸ್ಸಂಜೆ.

"ಎಂತ ಮಾರಾಯಾ, ನಿದ್ದೆಯಾ?" ಎಂದು ಕಿರುಚಿದೆ.

"ನಿದ್ದೆ ಅಲ್ಲ ಮಾಷ್ಟ್ರೆ, ಸಂಜೆಯಾದ್ರೆ ರೆಪ್ಪೆ ನಿಲ್ಲೂದಿಲ್ಲ," ಎಂದು ಲಾರಿ ನಿಲ್ಲಿಸಿದ. ಹೇಳುತ್ತ ಹೇಳುತ್ತ ದನಿ ಮೂಗಿಗಿಳಿದು ಆರಿಯೇ ಹೋಯಿತು. ಹಿಂದಿನ ಬುಟ್ಟಿಗಳತ್ತ, ಆಮೇಲೆ ತನ್ನ ಕಣ್ಣಿನತ್ತ ಕೈಸನ್ನೆ ಮಾಡಿದ. ಮೀನಿನ ಬುಟ್ಟಿಯಿಂದ ಮಂಜುಗಡ್ಡೆ ತಂದುಕೊಟ್ಟೆ. ಕಣ್ಣಿಗೆ ಒತ್ತಿ ತೆಗೆದ. ಹೆಣ ಕಣ್ಣು ತೆರೆದ ಹಾಗೆ ರೆಪ್ಪೆಗಳು ಮೆಲ್ಲನೆ ಎದ್ದವು!

ತುಸು ಹೊತ್ತಿನ ಮೇಲೆ ದನಿಯೂ ಬಂತು: "ಲಾರಿ ಸೇಠರಿಗೆ ಹೇಳ್ಬೇಡಿ, ಕೆಲಸ ಹೋಗ್ತದೆ."

ನರದ ಅಪ್ಪಣೆ ಸ್ನಾಯುವಿಗೆ ಮುಟ್ಟದಂತೆ ಮೈಯೇ ತಡೆಯುವ ರೋಗವದು ಎಂದು ಡಾಕ್ಟರೊಬ್ಬರು ಹೇಳಿದ್ದು ಎಷ್ಟೋ ವರ್ಷದ ಮೇಲೆ. ಅಂದು ಹೊನ್ನಾವರದ ತನಕ ಮಂಜುಗಡ್ಡೆ ಹಿಡಿದು ಅವನ ರೆಪ್ಪೆ ಕಾದವನು ನಾನು. ನಾನು ಒಮ್ಮೆಯಾದರೂ ಕಣ್ಣು ಮಿಟುಕಿಸಿದ್ದರೆ ಕೇಳಿ! ಸೇಠರಿಗೆ ಇವತ್ತಿಗೂ ಹೇಳಿಲ್ಲ. ದಿನ ಯಾವುದೆಂದಿರಾ? ಅರವತ್ಮೂರರ ಮಹಾಲಯ ಅಮಾವಾಸ್ಯೆ, ಸತ್ತವರಿಗೆ ಎಡೆಯಿಡುವ ದಿನ.