ಓರಗಿತ್ತಿಯ ಬೆಳಕಿನ ಯಂತ್ರ

ಕೋಕಂದ್ ಪಟ್ಟಣದ ತೊಟ್ಟಿಲು ಮಾಡುವವರ ಕೇರಿಯಲ್ಲಿ ಮುಹಯ್ಯೊಳ ಕೈಗೆ ಒಂದು ಹೆಸರಿತ್ತು. ಗಂಡ ತುಲ್ಕಿನ್ ಮರ ಕಡೆದು ತೊಟ್ಟಿಲು ಕೂಡಿಸಿದರೆ, ಅದರ ಮೇಲೆ ದಾಳಿಂಬೆ ಹೂ, ಬಾದಾಮಿ ಎಲೆ ಬರೆಯುವವಳು ಅವಳು. ಮಗಳ ಚೊಚ್ಚಲ ಕೂಸಿಗೆ ತೊಟ್ಟಿಲು ಕೊಡಬೇಕಾದ ತಾಯಂದಿರು ಹದಿನೆಂಟು ವರ್ಷ ಅವಳ ಬಾಗಿಲನ್ನೇ ಹುಡುಕಿಕೊಂಡು ಬರುತ್ತಿದ್ದರು.

ಆಮೇಲೆ ಅಂಗಳದ ಆಚೆ ಬದಿಗೆ ಲೇಸರ್ ಯಂತ್ರ ಬಂತು.

ತಂದವಳು ಮೈದುನನ ಹೆಂಡತಿ ಸರ್ವಿನೋಜ್. ಅವಳ ಗಂಡ ಲಾರಿ ಹೊಡೆದುಕೊಂಡು ಗಡಿಯಾಚೆ ತಿಂಗಳುಗಟ್ಟಲೆ ಇರುತ್ತಿದ್ದ. ಮನೆಯಲ್ಲಿ ಕೈಕಟ್ಟಿ ಕೂರಲಾರದೆ ಅವಳು ತಾಷ್ಕೆಂಟಿನಲ್ಲಿದ್ದ ಸೋದರಮಾವನ ಹಳೆಯ ಯಂತ್ರವನ್ನು ತರಿಸಿ, ಬೇಸಿಗೆಗೆಂದು ಹೊರಗೆ ಕಟ್ಟಿದ್ದ ಅಡುಗೆಕೋಣೆಯಲ್ಲಿ ಇಡಿಸಿದಳು. ಕಂಪ್ಯೂಟರಿನಲ್ಲಿ ಚಿತ್ರ ಹಾಕಿ ಗುಂಡಿ ಒತ್ತಿದರೆ ಸಾಕು, ಕೂದಲೆಳೆಯಷ್ಟು ಬೆಳಕು ಆಕ್ರೋಡು ಮರವನ್ನು ಸುಡುತ್ತ ಹೂ ಬಿಡಿಸುತ್ತಿತ್ತು. ಸುಟ್ಟ ಮರದ ಸಿಹಿ ವಾಸನೆ ಕಿಟಕಿಯ ಕೊಳವೆಯಿಂದ ಹೊರಟು ನೇರ ಮುಹಯ್ಯೊಳ ಬಣ್ಣದ ಬಟ್ಟಲುಗಳ ಮೇಲೆ ಬಂದು ಕೂರುತ್ತಿತ್ತು. ಒಂದೇ ವರ್ಷದಲ್ಲಿ ಜನ ಬಣ್ಣದ ತೊಟ್ಟಿಲು ಬೇಡ, ಕೂಸಿನ ಹೆಸರು ಕೊರೆದದ್ದೇ ಬೇಕು ಎನ್ನತೊಡಗಿದರು.

"ನಮಗೇನು ನಷ್ಟ? ತೊಟ್ಟಿಲು ಕಡೆಯೋನು ನಾನೇ ತಾನೆ?" ಎಂದ ತುಲ್ಕಿನ್.

"ಹೌದು, ನಿಮಗೇನು," ಎಂದಳು ಮುಹಯ್ಯೊ. ಅವತ್ತು ಪಲಾವಿಗೆ ಉಪ್ಪು ಹೆಚ್ಚಾಯಿತು.

ಹೊಟ್ಟೆಯುರಿ ಕೆಲಸದ್ದಷ್ಟೇ ಆಗಿದ್ದರೆ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಅವಳ ಅಪ್ಪ ಬಾಗಿಲು ಕೆತ್ತುವುದರಲ್ಲಿ ಹೆಸರಾದವನು. ಹನ್ನೊಂದರ ವಯಸ್ಸಿನಲ್ಲಿ ಅವಳು ಕದ್ದು ಉಳಿ ಹಿಡಿದಾಗ, "ಕೈ ಕುಯ್ಕೊಂಡ್ರೆ ನಿನ್ನ ಯಾರೇ ಮದುವೆ ಆಗ್ತಾನೆ?" ಎಂದು ಕಿತ್ತುಕೊಂಡು ತನ್ನ ತಂಗಿಯ ಮಗನ ಕೈಗೆ ಕೊಟ್ಟಿದ್ದ. ಮಗಳಿಗೆ ಸಿಕ್ಕಿದ್ದು ಮರದ ಹೊಟ್ಟು ಗುಡಿಸುವ ಪೊರಕೆ. ಅಪ್ಪ ಸತ್ತ ಮೇಲೆ, ಯಾರಿಗೂ ಬೇಡವಾದ ಒಂದು ಸುರುಳಿ ಕಾಗದ. ಸೂಜಿಯಿಂದ ಚುಚ್ಚಿ ಚುಚ್ಚಿ ಅವನು ಮಾಡಿಟ್ಟ ವಿನ್ಯಾಸಗಳು. ಈ ಸರ್ವಿನೋಜ್ ಮಾತ್ರ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕೇಳಬೇಕು ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಅದನ್ನು ನೆನೆದಾಗಲೆಲ್ಲ ಮುಹಯ್ಯೊಳ ಎದೆಯೊಳಗೆ ಕೆಂಡ ಕೆದರಿದಂತಾಗುತ್ತಿತ್ತು.

ಒಂದು ದಿನ ಸರ್ವಿನೋಜ್ ತಾನೇ ಬಂದು ಕೇಳಿದಳು. "ಅಕ್ಕಾ, ನಿಮ್ಮಪ್ಪನ ನಕ್ಷೆಗಳಿವೆಯಂತಲ್ಲ. ಇಂಟರ್ನೆಟ್ಟಿನ ಹೂಗಳು ಎಲ್ಲಾ ಒಂದೇ ಥರ. ಒಂದ್ಸಲ ಕೊಡ್ತೀರಾ?"

"ಇಲಿ ತಿಂದುಬಿಡ್ತು ಕಣೆ," ಎಂದಳು ಮುಹಯ್ಯೊ. ಸುರುಳಿ ಅವಳು ಕೂತಿದ್ದ ಪೆಟ್ಟಿಗೆಯೊಳಗೇ ಇತ್ತು.

ಖೈರಿನಿಸೋ ಎಂಬ ಶ್ರೀಮಂತ ಹೆಂಗಸು ಮೊಮ್ಮಗನ ತೊಟ್ಟಿಲಿಗೆ ಹೇಳಿ ಹೋದದ್ದು ಆ ವಾರವೇ. ಶನಿವಾರಕ್ಕೆ ಬೇಕು, ತಲೆಹಲಗೆ ಪೂರ್ತಿ ಲೇಸರಿನಲ್ಲಿ ಕೊರೆದಿರಬೇಕು. ಬುಧವಾರ ಮಧ್ಯಾಹ್ನ ಸರ್ವಿನೋಜ್ ಮಗಳ ಶಾಲೆಗೆ ಹೋದಳು. ಮುಹಯ್ಯೊ ಅಂಗಳ ದಾಟಿ ಆ ಕೋಣೆಗೆ ಹೋದಳು. ಬೆಳಕು ಹಾದುಬರುವ ಪುಟ್ಟ ಗಾಜನ್ನು ಓರಗಿತ್ತಿ ದಿನಾ ಹತ್ತಿಯಿಂದ ಒರೆಸುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಹತ್ತಿಕಾಳಿನ ಎಣ್ಣೆಯಲ್ಲಿ ಬೆರಳದ್ದಿಕೊಂಡು ಬಂದಿದ್ದಳು. ಆ ಗಾಜಿಗೆ ಒಮ್ಮೆ ಸವರಿ, ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಹೊರಬಂದಳು.

ಮರುದಿನ ಬೆಳಗ್ಗೆ ಟಪ್ ಎಂದು ಸದ್ದಾಯಿತು. ಎಣ್ಣೆ ಕಾದು ಗಾಜು ಸೀಳಿತ್ತು. ಹಲಗೆಯ ನಡುವೆ ಕರಿ ಕಲೆ.

"ನಾನೇ ಸರಿಯಾಗಿ ಒರೆಸಿಲ್ಲ ಅನ್ಸತ್ತೆ," ಎಂದು ಸರ್ವಿನೋಜ್ ಹೊಸ್ತಿಲ ಮೇಲೆ ಕೂತು ಅತ್ತಳು. "ಹೊಸ ಗಾಜು ಬರೋದು ಸೋಮವಾರ. ಅಕ್ಕಾ, ಹೊಸ ಹಲಗೆಗೆ ನೀವೇ ಬಣ್ಣ ಬರೆದುಕೊಡಿ. ನನ್ನ ಮರ್ಯಾದೆ ಉಳಿಸಿ."

ಮುಹಯ್ಯೊ ಎರಡು ದಿನ ಬಗ್ಗಿದ ತಲೆ ಎತ್ತದೆ ಬರೆದಳು. ಈ ಹೊತ್ತಿಗಾಗಿಯೇ ಕಾದಿದ್ದಳಲ್ಲ. ಆದರೂ ಒಂದೇ ಎಲೆಯನ್ನು ಮೂರು ಸಲ ಅಳಿಸಿ ಬರೆದಳು. ಶನಿವಾರ ಖೈರಿನಿಸೋ ತೊಟ್ಟಿಲಿನ ಸುತ್ತ ಒಂದು ಸುತ್ತು ಬಂದು, "ಚೆನ್ನಾಗೇನೋ ಇದೆ. ಆದ್ರೆ ಇದು ಹಳೇ ಕಾಲದ್ದಾಯ್ತು. ಬೀಗರು ಏನಂದ್ಕೋತಾರೆ?" ಎಂದಳು.

ಮುಹಯ್ಯೊ ಬಾಯಿ ತೆರೆಯುವ ಮೊದಲೇ ಸರ್ವಿನೋಜ್ ಮುಂದೆ ಬಂದಳು. "ಬೇಡ ಅಂದ್ರೆ ಬಿಟ್ಟುಹೋಗಿ, ಅಮ್ಮಾ. ನನ್ನ ಯಂತ್ರದ ಗುಂಡಿ ಯಾರು ಬೇಕಾದ್ರೂ ಒತ್ತಬಹುದು. ಈ ಕೈ ಇಡೀ ಕೋಕಂದಿನಲ್ಲಿ ಇನ್ನೊಂದಿಲ್ಲ."

ಖೈರಿನಿಸೋ ಗೊಣಗುತ್ತಲೇ ತೊಟ್ಟಿಲು ಹೊರಿಸಿಕೊಂಡು ಹೋದಳು. ಗೇಟು ಮುಚ್ಚಿದ ಮೇಲೆ ಮುಹಯ್ಯೊ ಅಲ್ಲೇ ನಿಂತು ಹೇಳಿದಳು: "ಗಾಜು ಒಡೆದಿದ್ದು ನನ್ನಿಂದ. ಎಣ್ಣೆ ಹಚ್ಚಿದ್ದೆ."

ಸರ್ವಿನೋಜ್ ಒಳಗೆ ಹೋಗಿ ಕದ ಹಾಕಿಕೊಂಡಳು.

ಹನ್ನೊಂದು ದಿನ ಒಂದೇ ತಂದೂರಿನಲ್ಲಿ ಇಬ್ಬರೂ ಬೇರೆಬೇರೆ ಹೊತ್ತಿಗೆ ರೊಟ್ಟಿ ಸುಟ್ಟರು. ಹನ್ನೆರಡನೆಯ ದಿನ ಮುಹಯ್ಯೊ ಸುರುಳಿ ತೆಗೆದುಕೊಂಡು ಹೋಗಿ ಯಂತ್ರದ ಪಕ್ಕ ಇಟ್ಟಳು.

"ಇಲಿ ತಿಂದಿತ್ತಲ್ವಾ?"

"ಆ ಇಲಿ ನಾನೇ."

"ಗೊತ್ತಿತ್ತು. ಆದ್ರೆ ಹಲ್ಲು ಇಷ್ಟು ಚೂಪು ಅಂತ ಗೊತ್ತಿರಲಿಲ್ಲ," ಎಂದಳು ಸರ್ವಿನೋಜ್. ನಗಲಿಲ್ಲ. ಆದರೆ ಕಾಗದ ಬಿಚ್ಚಿ, ಚಿತ್ರವನ್ನು ಕಂಪ್ಯೂಟರಿಗೆ ಹಾಕಿದಳು.

ಅಪ್ಪನಿಗೆ ವಾರ ಹಿಡಿಯುತ್ತಿದ್ದ ಬಳ್ಳಿ ಅರ್ಧ ಗಂಟೆಯಲ್ಲಿ ಮರದಲ್ಲಿ ಮೂಡಿತು. ಮುಹಯ್ಯೊಳಿಗೆ ಅಳುವೂ ಬಂತು, ಸಿಟ್ಟೂ ಬಂತು. "ನನಗೂ ಕಲಿಸು," ಎಂದಳು. ಕೇಳಿದ ದನಿ ಜಗಳದ್ದೇ ಆಗಿತ್ತು. ಸರ್ವಿನೋಜ್ ಕಪ್ಪು ಕನ್ನಡಕ ಕೊಟ್ಟು ಪಕ್ಕಕ್ಕೆ ಸರಿದಳು.

ಚಳಿಗಾಲದಲ್ಲಿ ಸರ್ವಿನೋಜ್ ಎರಡನೆಯ ಹೆರಿಗೆಗೆ ನಮಂಗಾನಿನ ತವರಿಗೆ ಹೋದಳು. ಅಷ್ಟೂ ದಿನ ಯಂತ್ರ ಮುಹಯ್ಯೊಳ ಕೈಯಲ್ಲಿ. ಕೊರೆದ ಗೆರೆಯೊಳಗೆ ಅವಳು ಕುಂಚದಿಂದ ಬಣ್ಣ ತುಂಬಿದಳು. ಅಂಥದ್ದೇ ಬೇಕೆಂದು ಮಾರ್ಗಿಲಾನ್ ಪಟ್ಟಣದಿಂದಲೂ ಜನ ಬಂದರು. ಮುಗಿದ ತೊಟ್ಟಿಲುಗಳ ಫೋಟೋವನ್ನು ಅವಳು ಓರಗಿತ್ತಿಗೆ ಕಳಿಸುತ್ತಿದ್ದಳು. ಬಾಣಂತನದ ನಲವತ್ತು ದಿನ ಕಳೆದು ಸರ್ವಿನೋಜ್ ಕೂಸನ್ನೆತ್ತಿಕೊಂಡು ಬಂದಾಗ ಮುಹಯ್ಯೊ ಮಗುವಿನ ಹಣೆಗೆ ಮುತ್ತಿಟ್ಟು, ಚಹಾ ಬಗ್ಗಿಸಿಕೊಟ್ಟು, ಆಮೇಲೆ ಇದ್ದದ್ದನ್ನು ಹೇಳಿದಳು.

"ನೀನು ಇನ್ನೂ ಹತ್ತು ದಿನ ಅಲ್ಲೇ ಇರಬಾರದಾ ಅಂತಿದ್ದೆ ಕಣೆ."

"ಗೊತ್ತು," ಎಂದಳು ಸರ್ವಿನೋಜ್, ಕೂಸನ್ನು ಅವಳ ಮಡಿಲಿಗೆ ಹಾಕಿ ಯಂತ್ರದ ಕೋಣೆಯ ಕಡೆ ಹೊರಡುತ್ತ. "ನೀವು ಕಳಿಸಿದ ಫೋಟೋ ನೋಡಿ ನೋಡಿ ಹೊಟ್ಟೆಯುರಿಗೆ ನನಗೆ ಹಾಲೇ ಬತ್ತೋಗಿತ್ತು."