ರುಚಿ ನೋಡಿದವರ ಸಹಿ

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದಕ್ಕೆ ಹಾಕಿದೆ. ಮೊದಲು ಹೆಂಡತಿಗೆ ನಿವೃತ್ತಿ ಆಗಲಿ ಅಂದುಕೊಂಡೆ, ಆಮೇಲೆ ಮಗಳ ಮದುವೆ ಮುಗಿಯಲಿ ಅಂದುಕೊಂಡೆ. ಎರಡೂ ಆದವು. ಹೆಂಡತಿ ತೀರಿಕೊಂಡು ಈಗ ಎರಡು ವರ್ಷ. ಇನ್ನು ನೆಪ ಯಾವುದೂ ಉಳಿದಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಬರೆದದ್ದು ಇಟ್ಟಿಗೆ ಫ್ಯಾಕ್ಟರಿಯಲ್ಲಿ ಕೂಲಿಯವರ ಹಾಜರಿ. ಬರುವಷ್ಟರಲ್ಲಿ ಬರೆಯುತ್ತೇನೆ.

ನನ್ನ ಹೆಂಡತಿ ಸರ್ಕಾರಿ ಶಾಲೆಯ ಟೀಚರ್. ನಮ್ಮ ಮನೆ ಮಾಲೂರಿನಲ್ಲಿ. ಅವಳ ಶಾಲೆ ಟೇಕಲ್ಲಿನ ಆಚೆ ಒಂದು ಸಣ್ಣ ಹಳ್ಳಿಯಲ್ಲಿ. ಬೆಳಗ್ಗೆ ಐದಕ್ಕೆ ಎದ್ದು, ಮಗಳಿಗೊಂದು ನನಗೊಂದು ಡಬ್ಬಿ ಕಟ್ಟಿ, ರೈಲು ಹಿಡಿದು, ಟೇಕಲ್‌ನಲ್ಲಿ ಇಳಿದು ನಡೆಯುತ್ತಿದ್ದಳು. ತನಗೆ ಡಬ್ಬಿ ಕಟ್ಟಿಕೊಳ್ಳುತ್ತಿರಲಿಲ್ಲ. ಮಕ್ಕಳ ಜೊತೆ ಕೂತು ಶಾಲೆಯ ಬಿಸಿಯೂಟವನ್ನೇ ಉಣ್ಣುತ್ತಿದ್ದಳು. ಶಾಲೆಗೆ ಇದ್ದ ಟೀಚರುಗಳು ಇಬ್ಬರೇ. ಹೆಡ್‌ಮಾಸ್ಟರು ಯಾವಾಗಲೂ ಮೀಟಿಂಗ್ ಅಂತ ಮಾಲೂರಿಗೋ ಕೋಲಾರಕ್ಕೋ ಹೋಗಿರುತ್ತಿದ್ದರು. ಐದು ಕ್ಲಾಸೂ ಇವಳ ತಲೆಯ ಮೇಲೆ. ಸಂಜೆ ನೋಟ್‌ಬುಕ್ಕಿನ ಚೀಲ ಹೊತ್ತು ಬಂದು, ಅಡುಗೆಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತು ತಿದ್ದುವಳು. ಒಂದು ಕಿವಿ ಕುಕ್ಕರಿನ ಕಡೆ, ಒಂದು ಕಿವಿ ಮಗಳು ಒಪ್ಪಿಸುತ್ತಿದ್ದ ಮಗ್ಗಿಯ ಕಡೆ.

ಊಟಕ್ಕೆ ಕೂತಾಗ ಶಾಲೆಯ ಕಥೆ. ಒಂದನೇ ಕ್ಲಾಸಿನವನೊಬ್ಬನಿಗೆ, ಹಾಲು ಬಿಸಿ ಇದೆ, ಊದಿಕೊಂಡು ಕುಡಿ ಅಂದರೆ, ಊದೀ ಊದೀ ಅರ್ಧ ಲೋಟ ಎದುರಿಗೆ ಕೂತವನ ಮುಖಕ್ಕೆ ಎರಚಿದ್ದನಂತೆ. ಮಗಳು ನಕ್ಕು ನಕ್ಕು ಅನ್ನ ನೆತ್ತಿಗೆ ಹತ್ತಿಸಿಕೊಳ್ಳುವಳು. ಆ ನಗು ನಮ್ಮ ಮನೆಯಿಂದ ಹೋದದ್ದು ನನ್ನಿಂದ.

ಹೆಂಡತಿಗೆ ನನಗಿಂತ ಹೆಚ್ಚು ಓದು, ಹೆಚ್ಚು ಸಂಬಳ. ಆ ಹಳ್ಳಿಯಲ್ಲಿ ನನ್ನನ್ನು ‘ಮೇಡಂ ಯಜಮಾನ್ರು’ ಅನ್ನುತ್ತಿದ್ದರು. ಮೇಲೆ ನಗುತ್ತಿದ್ದೆ, ಒಳಗೆ ಉರಿಯುತ್ತಿದ್ದೆ.

ಶಾಲೆಯಲ್ಲಿ ಒಂದು ನಿಯಮವಿತ್ತು. ಮಕ್ಕಳಿಗೆ ಬಡಿಸುವ ಮೊದಲು ಟೀಚರ್ ಊಟದ ರುಚಿ ನೋಡಬೇಕು, ನೋಡಿದ್ದೇನೆ ಅಂತ ಪುಸ್ತಕದಲ್ಲಿ ಸಹಿ ಮಾಡಬೇಕು. ಅಡುಗೆ ಮಾಡುತ್ತಿದ್ದ ಹೆಂಗಸು ಅದೇ ಊರಿನ ದಲಿತ ಕೇರಿಯವರು. ನನ್ನ ಹೆಂಡತಿ ಆಕೆಯ ಹುರುಳಿಕಾಳಿನ ಸಾರನ್ನು ಮನೆಗೆ ಬಂದು ಹೊಗಳುತ್ತಿದ್ದಳು. “ಆ ಹದ ನನ್ನ ಕೈಗೆ ಬರಲ್ಲ ಕಣ್ರೀ” ಅನ್ನುವಳು. ಹೊರಗಿನವರ ಬಾಯಿಗೆ ಬರುವ ತನಕ ಅದು ನನಗೆ ತಪ್ಪಾಗಿ ಕಂಡಿರಲೇ ಇಲ್ಲ.

ಮಳೆಗಾಲದಲ್ಲಿ ಇಟ್ಟಿಗೆ ಕೆಲಸ ನಿಲ್ಲುತ್ತದೆ. ಬಿಡುವಾಗಿದ್ದೆನೆಂದು ಸ್ಕೂಟರಿನಲ್ಲಿ ಅವಳನ್ನು ಕರೆತರಲು ಹೋಗುತ್ತಿದ್ದೆ. ಶಾಲೆ ಬಿಡುವ ತನಕ ಟೀ ಅಂಗಡಿಯಲ್ಲಿ ಕೂರುವುದು. ಒಂದು ದಿನ ಅಂಗಡಿಯವನು ಲೋಟ ಕೈಗಿಡುತ್ತಾ ಕೇಳಿದ:

“ಏಮಣ್ಣಾ, ಮಾಲೂರಲ್ಲಿ ರಾಗಿ ಸಿಗಲ್ವಾ?”

“ಯಾಕಪ್ಪಾ?”

“ಅಲ್ಲ, ಮೇಡಂನ ನಮ್ಮೂರ ಕೇರಿ ಕೈ ಊಟಕ್ಕೆ ಕಳಿಸ್ತೀಯಲ್ಲ, ಅದಕ್ಕೆ ಕೇಳ್ದೆ.”

ಬೆಂಚಿನ ಮೇಲಿದ್ದ ನಾಲ್ಕು ಜನ ನಕ್ಕರು. ಒಬ್ಬ ಮುದುಕ, “ಸುಮ್ನಿರ್ಲಾ, ಸಂಬಳ ತರೋ ಹೆಂಡ್ತಿಗೆ ಎದುರು ಮಾತಾಡೋಕಾಯ್ತದಾ?” ಅಂದ. ಮತ್ತೆ ನಕ್ಕರು. ನಾನೂ ನಕ್ಕೆ. ಟೀ ಅರ್ಧಕ್ಕೇ ಬಿಟ್ಟೆ.

ಮನೆಗೆ ಬಂದವನೇ, “ನಾಳೆಯಿಂದ ಡಬ್ಬಿ ತಗೊಂಡು ಹೋಗು” ಅಂದೆ.

“ಯಾಕ್ರೀ? ನಾನು ರುಚಿ ನೋಡ್ದೆ ಮಕ್ಕಳಿಗೆ ಬಡಿಸೋ ಹಾಗಿಲ್ಲ. ಸೈನ್ ಮಾಡ್ಬೇಕು.”

“ಸೈನ್ ಮಾಡು. ತಿನ್ಬೇಡ.”

“ಸುಳ್ಳು ಸೈನಾ? ಮಕ್ಕಳಿಗೆ ಸುಳ್ಳು ಹೇಳ್ಬೇಡಿ ಅಂತ ಬೆಳಗ್ಗೆ ಪಾಠ ಮಾಡಿ, ಮಧ್ಯಾಹ್ನ ಸುಳ್ಳು ಸೈನಾ?”

“ತಿನ್ನೋದಾದ್ರೆ ಈ ಅಡುಗೆಮನೆಗೆ ಕಾಲಿಡ್ಬೇಡ.”

ಅವಳು ನಾಲ್ಕು ದಿನ ಅಡುಗೆಮನೆಗೆ ಕಾಲಿಡಲಿಲ್ಲ. ನಾನು ಹೋಟೆಲಿನಲ್ಲಿ ತಿಂದೆ. ಮಗಳು ಬನ್ನು ತಿಂದುಕೊಂಡು ಸ್ಕೂಲಿಗೆ ಹೋದಳು. ಐದನೆಯ ದಿನ ಮಗಳು ಪ್ರಾರ್ಥನೆಯಲ್ಲಿ ತಲೆ ತಿರುಗಿ ಬಿದ್ದಳು ಅಂತ ಅವಳ ಸ್ಕೂಲಿನಿಂದ ಹೇಳಿ ಕಳಿಸಿದರು. ಮರುದಿನ ಬೆಳಗ್ಗೆ ಒಲೆ ಹತ್ತಿತು. ಮೂರು ಡಬ್ಬಿ ಕಟ್ಟಿದ್ದಳು. ನಾನು ಗೆದ್ದೆ ಅಂದುಕೊಂಡೆ.

ಮಕ್ಕಳ ಕಣ್ಣು ದೊಡ್ಡದು. ದಿನಾ ತಮ್ಮ ಸಾಲಿನಲ್ಲಿ ಕೂತು ಉಣ್ಣುತ್ತಿದ್ದ ಮೇಡಂ ಈಗ ಆಫೀಸು ರೂಮಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಡಬ್ಬಿ ಬಿಚ್ಚುವುದನ್ನು ಅವು ಮನೆಗೆ ಹೋಗಿ ಹೇಳಿದವು. ಒಂದು ಮಗು ಡಬ್ಬಿ ತಂದಿತು. ವಾರದೊಳಗೆ ಹತ್ತು ಮಕ್ಕಳು ತಂದವು. ಕೇರಿಯ ಮಕ್ಕಳು ಮಾತ್ರ ತಟ್ಟೆ ಹಿಡಿದು ಕೂರುತ್ತಿದ್ದವು. ಮಾಡಿದ ಅನ್ನ ಉಳಿಯತೊಡಗಿತು.

ಊರಿನವರು ಶಾಲೆಯ ಜಗುಲಿಯಲ್ಲಿ ಮೀಟಿಂಗ್ ಕರೆದರು. ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದ ನನಗೂ ಕುರ್ಚಿ ಹಾಕಿದರು. ಶಾಲಾ ಸಮಿತಿಯ ಅಧ್ಯಕ್ಷ ನೇರವಾಗಿ ಕೇಳಿದ: “ಮೇಡಂ, ನೀವೇ ತಿನ್ನಲ್ಲ. ನಮ್ ಮಕ್ಳು ಯಾಕ್ ತಿನ್ಬೇಕು? ಏನೈತೆ ಆ ಊಟದಾಗೆ, ಹೇಳ್ಬಿಡಿ.”

ಅಡುಗೆಯಾಕೆ ಬಾಗಿಲ ಹತ್ತಿರ ಸೆರಗಿಗೆ ಕೈ ಒರೆಸುತ್ತಾ ನಿಂತಿದ್ದರು. ನನ್ನ ಹೆಂಡತಿ ಎದ್ದು ನಿಂತಳು. “ಊಟದಲ್ಲಿ ಏನೂ…” ಅಂದು ನನ್ನ ಕಡೆ ನೋಡಿದಳು. ಅವಳು ನಿಜ ಹೇಳಲು ಹೊರಟಿದ್ದಳೆಂದು ನನಗೆ ಗೊತ್ತಾಯಿತು. ಗಂಡ ಬೇಡ ಅಂದಿದ್ದಾನೆ ಅನ್ನುವ ಮಾತು ಆ ಜಗುಲಿಯ ಮೇಲೆ ಬಿದ್ದರೆ, ಎಲ್ಲರಿಗೂ ತಿಳಿದಿದ್ದರೂ ಯಾರೂ ಬಾಯಿಬಿಟ್ಟು ಹೇಳದ ಆ ಜಾತಿಯ ಮಾತು ನನ್ನ ಹೆಸರಿಗೆ ಅಂಟುತ್ತಿತ್ತು. ಕೇಸಾಗಬಹುದು ಅಂತ ಹೆದರಿಕೆಯೂ ಆಯಿತು.

ನಾನು ಬಾಯಿ ಹಾಕಿದೆ. “ಅವಳಿಗೆ ಹೇಳೋಕೆ ಸಂಕೋಚ. ಉಪ್ಪು ವಿಪರೀತ, ಕಾಳು ಬೆಂದಿರಲ್ಲ, ಹೊಟ್ಟೆ ನೋವು ಅಂತ ಮನೇಲಿ ದಿನಾ ಹೇಳ್ತಾಳೆ.”

ಜಗುಲಿಯ ಮೇಲಿದ್ದವರಿಗೆಲ್ಲ ಉಸಿರು ಬಂದ ಹಾಗಾಯಿತು. ಅವರಿಗೆ ಬೇಕಾಗಿದ್ದ ಕಾರಣ ಸಿಕ್ಕಿತ್ತು. “ಅಂಗೇಳಿ ಮತ್ತೆ! ಜಾತಿ ಗೀತಿ ಏನಿಲ್ಲ, ಮಕ್ಳ ಹೊಟ್ಟೆ ವಿಚಾರ” ಅಂದ ಅಧ್ಯಕ್ಷ.

ಅಡುಗೆಯಾಕೆ ನನ್ನನ್ನು ನೋಡಲಿಲ್ಲ. ಹೆಂಡತಿಯನ್ನೇ ನೋಡಿ ಕೇಳಿದರು: “ಉಪ್ಪು ಜಾಸ್ತಿ ಆಗಿದ್ರೆ ನನ್ ಕೂಡ ಹೇಳ್ಬೋದಿತ್ತಲ್ಲಾ ಮೇಡಮ್ಮ.”

ಹೆಂಡತಿ ಕೂತುಬಿಟ್ಟಳು. ಅವಳು ಬಾಯಿ ತೆರೆದಿದ್ದರೆ ಗಂಡನನ್ನು ಊರ ಮುಂದೆ ಸುಳ್ಳುಗಾರನನ್ನಾಗಿ ಮಾಡಬೇಕಿತ್ತು. ನನಗಾಗಿ ಸುಮ್ಮನಾದಳು. ಮುಂದಿನ ವಾರದಿಂದ ಅಡುಗೆಯಾಕೆಯನ್ನು ಬಿಡಿಸಿ ಬೇರೆಯವರನ್ನು ಇಟ್ಟುಕೊಂಡರು.

ಆಮೇಲೆ ನಮ್ಮ ಮನೆಯಲ್ಲಿ ಶಾಲೆಯ ಕಥೆ ನಿಂತಿತು. ಮಗಳು ಕೇಳಿದರೆ, “ಏನಿಲ್ಲಮ್ಮ, ಪಾಠ ಮಾಡ್ದೆ, ಬಂದೆ” ಅನ್ನುವಳು. ಅವಳ ಡಬ್ಬಿ ಎಷ್ಟೋ ದಿನ ಮುಟ್ಟದೆ ವಾಪಸ್ ಬರುತ್ತಿತ್ತು. ನಾನು ಅದನ್ನು ತೆರೆದು ನೋಡಿ, ಏನೂ ಕೇಳದೆ, ಹಸುವಿನ ಬಾನಿಗೆ ಸುರಿಯುತ್ತಿದ್ದೆ.

ಮಳೆ ಮುಗಿದು ಇಟ್ಟಿಗೆ ಕೆಲಸ ಶುರುವಾದಾಗ ಒಂದು ಬೆಳಗ್ಗೆ ಹೊಸಬರ ಸಾಲಿನಲ್ಲಿ ಆ ಅಡುಗೆಯಾಕೆ ನಿಂತಿದ್ದರು. ತಲೆಗೆ ಸಿಂಬೆ ಸುತ್ತಿಕೊಂಡಿದ್ದರು. ನಾನು ಹೆಸರು ಕೂಗಿದೆ. “ಬಂದಿವ್ನಿ ಸಾಮಿ” ಅಂದರು, ಗುರುತೇ ಇಲ್ಲದ ಹಾಗೆ. ಮೂರು ಸೀಸನ್ ಆಕೆ ಅಲ್ಲಿ ಇಟ್ಟಿಗೆ ಹೊತ್ತರು. ದಿನಾ ಬೆಳಗ್ಗೆ ನಮ್ಮಿಬ್ಬರ ನಡುವೆ ಒಂದು ಮೇಜಿನಷ್ಟು ದೂರ. ಒಂದೇ ಒಂದು ಮಾತು ಸಾಕಿತ್ತು. ನಾನು ಹಾಜರಿ ಹಾಕಿ ಮುಂದಿನ ಹೆಸರು ಕೂಗುತ್ತಿದ್ದೆ.

ಹೆಂಡತಿ ನಿವೃತ್ತಳಾಗಿ ಕೆಲವು ವರ್ಷಕ್ಕೆ ಹಾಸಿಗೆ ಹಿಡಿದಳು. ಕೋಲಾರದ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದ ಮೇಲೆ ನಾನೇ ಗಂಜಿ ಕುಡಿಸುತ್ತಿದ್ದೆ. ಒಂದು ಮಧ್ಯಾಹ್ನ ಅವಳ ಕೈ ಹಿಡಿದು, “ನಿನಗೆ ಅನ್ಯಾಯ ಮಾಡ್ದೆ ಕಣೇ, ಕ್ಷಮಿಸು” ಅಂದೆ.

ಅವಳು ಮುಖವನ್ನು ನನ್ನ ಕಡೆ ತಿರುಗಿಸಿದಳು. “ನನ್ನನ್ಯಾಕೆ ಕೇಳ್ತೀರಿ? ನಾನೂ ಅವತ್ತು ಕೂತ್ಕೊಂಡೋಳೇ. ಹೋಗಿ ಅವಳಿಗೆ ಹೇಳಿ ಬನ್ನಿ, ಉಪ್ಪು ಸರಿಯಾಗಿತ್ತು ಅಂತ. ನನಗೆ ನಡೆಯೋಕಾಗಿದ್ರೆ ನಾನೇ ಹೋಗ್ತಿದ್ದೆ.”

ಮರುದಿನ ಮಗಳನ್ನು ಅವಳ ಹತ್ತಿರ ಕೂರಿಸಿ ರೈಲಿನಲ್ಲಿ ಆ ಹಳ್ಳಿಗೆ ಹೋದೆ. ಆಕೆ ಮನೆಯ ಮುಂದೆ ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದರು.

“ಮೇಡಮ್ಮ ಎಂಗವ್ರೆ ಸಾಮಿ?”

“ಹುಷಾರಿಲ್ಲ.”

“ಅಯ್ಯೋ. ಊಟ ಮಾಡ್ತಾರಾ?”

“ಗಂಜಿ.”

“ಕಾಳ್ ಸಾರಿನ ಕಟ್ಟು ಕೊಡಿ, ಗಂಟಲಲ್ಲಿ ಇಳೀತದೆ. ಅವ್ರಿಗೆ ಇಷ್ಟ.”

ನಾನು ಹೇಳಲು ಹೋದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ದಾರಿಯಲ್ಲಿ ಯಾರೋ ಊರಿನವರು ಸೈಕಲ್ ನಿಲ್ಲಿಸಿ ನಮ್ಮನ್ನೇ ನೋಡತೊಡಗಿದರು. ಎಪ್ಪತ್ತು ದಾಟಿದ ನನಗೆ ಆಗಲೂ ನಾಲ್ಕು ಜನರ ಕಣ್ಣಿನ ಭಯ. “ಬರ್ತೀನಮ್ಮ” ಅಂದು ಹೊರಟುಬಿಟ್ಟೆ.

ಮನೆಗೆ ಬಂದಾಗ ಹೆಂಡತಿ ಎಚ್ಚರವಾಗಿದ್ದಳು. “ಹೇಳಿದ್ರಾ?”

“ಹೇಳ್ದೆ.”

“ಏನಂದ್ಲು?”

“ಹೋಗ್ಲಿ ಬಿಡಿ ಅಂದ್ಲು.”

“ಅವಳು ಹಾಗೇ” ಅಂದಳು. ಕಣ್ಣು ಮುಚ್ಚಿಕೊಂಡಳು. ಮುಖ ಸಡಿಲವಾಯಿತು. ಆ ಸಂಜೆ ಎರಡು ಚಮಚ ಹೆಚ್ಚಿಗೆ ಗಂಜಿ ಕುಡಿದಳು. ಹನ್ನೆರಡು ದಿನಕ್ಕೆ ಹೋದಳು. ಸಾಯುವವಳಿಗೂ ನಾನು ಸುಳ್ಳನ್ನೇ ಉಣಿಸಿ ಕಳಿಸಿದೆ.

ಆಕೆ ಈಗಲೂ ಬದುಕಿದ್ದಾರೆ. ಇಲ್ಲಿಂದ ಅರ್ಧ ಗಂಟೆಯ ದಾರಿ. ಎರಡು ವರ್ಷದಲ್ಲಿ ಮೂರು ಸಲ ಟಿಕೆಟ್ ತೆಗೆದು, ಟೇಕಲ್‌ನಲ್ಲಿ ಇಳಿದು, ಪ್ಲಾಟ್‌ಫಾರಂ ಮೇಲೆ ಕೂತು, ಮುಂದಿನ ರೈಲಿಗೆ ವಾಪಸ್ ಬಂದಿದ್ದೇನೆ. ಆಕೆಗೆ ಓದು ಬರುವುದಿಲ್ಲ. ಅದು ಗೊತ್ತಿದ್ದೇ ನಾನು ಹೋಗುವ ಬದಲು ಬರೆಯುತ್ತಿದ್ದೇನೆ. ನಾನು ಎಂಥವನೆಂದು ಅದರಲ್ಲೇ ತಿಳಿಯುತ್ತದೆ.

ಉಪ್ಪು ಸರಿಯಾಗಿತ್ತು. ಕಾಳು ಬೆಂದಿತ್ತು. ಈ ಮಾತನ್ನು ಆ ಜಗುಲಿಯ ಮೇಲೆ, ಊರಿನವರೆಲ್ಲರ ಎದುರು ನಾನು ಹೇಳಬೇಕಾಗಿದ್ದದ್ದು, ಇವತ್ತಿನವರೆಗೂ ಕ್ಷಮೆ ಕೇಳದೆ ಉಳಿದದ್ದು, ನನ್ನ ಹೆಂಡತಿಯ ಶಾಲೆಯ ಆ ಅಡುಗೆಯಮ್ಮನಿಗೆ.