ನೋಡಿದವನ ಹೆಸರು

ನಮ್ಮ ಅಫಜಲಪುರದ ಕಡೆ ಪಹಣಿಯಲ್ಲಿ ಹೆಸರಿನ ಒಂದಕ್ಷರ ತಪ್ಪಿದರೆ ಮನುಷ್ಯನಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಹತ್ತು ಸಲ ಕಚೇರಿಗೆ ಅಲೆದು ಅದನ್ನು ತಿದ್ದಿಸಿಕೊಂಡು ಬಂದ ಮೇಲೆಯೇ ನಿದ್ದೆ. ಆದರೆ ದಿನವೂ ಹೊತ್ತು ತಿರುಗುವ ಈ ಮೈ ಯಾರ ಹೆಸರಿನಲ್ಲಿದೆ ಎಂದು ನೀವು ಎಂದಾದರೂ ವಿಚಾರಿಸಿದ್ದೀರಾ, ಮಹರಾಯರೆ? ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿ ನಿವೃತ್ತನಾದ ನಾನು ಹೇಳುತ್ತೇನೆ, ಅದರಲ್ಲಿ ಒಂದು ಗುಂಟೆಯೂ ನಮ್ಮ ಹೆಸರಿನಲ್ಲಿಲ್ಲ. ಕಿವಿಯಿಂದ ಗಂಟಲಿಗೆ ಇಳಿಯುವ ನಾಳ ಇಟಲಿಯ ಯೂಸ್ಟೇಶಿಯಸನದು. ಮೇದೋಜೀರಕ ಗ್ರಂಥಿಯಲ್ಲಿ ಜರ್ಮನಿಯ ಲ್ಯಾಂಗರ್‌ಹಾನ್ಸ್ ದ್ವೀಪಗಳನ್ನೇ ಹಿಡಿದುಕೊಂಡಿದ್ದಾನೆ. ಹಿಮ್ಮಡಿಯ ಮೇಲಿನ ಗಟ್ಟಿ ಹುರಿ ಗ್ರೀಕರ ಕಥೆಯ ವೀರ ಅಕಿಲಿಸನ ಪಾಲು. ಪಾಪ, ಅವನು ಹುಟ್ಟಿದ್ದಕ್ಕೆ ಪುರಾವೆಯಿಲ್ಲ, ಆಸ್ತಿ ಮಾತ್ರ ಇದೆ. ಉಣ್ಣಿಸಿ, ತಿನ್ನಿಸಿ, ನೋವಾದಾಗ ನರಳುವ ಕೆಲಸವಷ್ಟೇ ನಮ್ಮದು.

ಈ ಮಹಾಶಯರ ಹೆಸರುಗಳನ್ನು ನಾನು ಮಕ್ಕಳಿಗೆ ಉರು ಹೊಡೆಸಿದೆ. ಒಂದಕ್ಷರ ತಪ್ಪಿದವರ ಕಿವಿ ಹಿಂಡಿದೆ, ಯೂಸ್ಟೇಶಿಯಸನ ಆಸ್ತಿಗೆ ಧಕ್ಕೆಯಾದೀತು ಎಂಬ ಅಳುಕೂ ಇಲ್ಲದೆ. ಜೇವರ್ಗಿಯ ಬಸ್ಸು ಓಡುವ ಡೀಸೆಲ್ ಕೂಡ ಒಬ್ಬ ಎಂಜಿನಿಯರನ ಹೆಸರೇ ಎಂದು ಪಕ್ಕದ ಸೀಟಿನವರಿಗೆ, ಅವರು ಕೇಳದಿದ್ದರೂ, ತಿಳಿಸಿ ಹೇಳಿದೆ. ಇಷ್ಟು ತಿಳಿದವನ ಮನೆಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಈಗ ಹೇಳಬೇಕು.

ನನ್ನ ಹೆಂಡತಿ ಶರಣಮ್ಮ ಬಡಿದ ಜೋಳದ ರೊಟ್ಟಿಯ ತೆಳುವಿಗೆ ಓಣಿಯಲ್ಲೇ ಹೆಸರಿತ್ತು. ಕಳೆದ ವರ್ಷದಿಂದ ಆ ರೊಟ್ಟಿ ದಪ್ಪವಾಗತೊಡಗಿತು, ಅಂಚು ಸೀಳತೊಡಗಿತು. ನಾನು ವಿಜ್ಞಾನದ ಮನುಷ್ಯನಲ್ಲವೇ, ಕೂಡಲೇ ಸಂಶೋಧನೆಗಿಳಿದೆ. ಜೋಳದ್ದೇ ದೋಷವೆಂದು ಆಳಂದದಿಂದ ಬೇರೆ ಜೋಳ ತರಿಸಿದೆ. ಗಿರಣಿ ಬದಲಿಸಿದೆ, ಹೊಸ ಗಿರಣಿಯವನೊಂದಿಗೂ ಜಗಳವಾಡಿದೆ. ಬಡಿಯುವ ಕೈಯೊಂದನ್ನು ಬಿಟ್ಟು ಎಲ್ಲವನ್ನೂ ಪರೀಕ್ಷಿಸಿದೆ.

ಕೈಯನ್ನು ನೋಡಿದವಳು ಘತ್ತರಗಿಯಲ್ಲಿ, ಭಾಗ್ಯವಂತಿ ಗುಡಿಯ ಹತ್ತಿರ ಬಳೆ ಮಾರುವ ಹೆಂಗಸು. ದರ್ಶನ ಮುಗಿಸಿ ಶರಣಮ್ಮ ಹಸಿರು ಬಳೆ ಇಡಿಸಿಕೊಳ್ಳಲು ಕುಳಿತಿದ್ದಳು. ಬಳೆಯವಳು ಏರಿಸುವುದನ್ನು ಬಿಟ್ಟು, ಶರಣಮ್ಮನ ಬಲಗೈಯನ್ನು ತನ್ನ ಅಂಗೈ ಮೇಲೆ ಸುಮ್ಮನೆ ಇಟ್ಟುಕೊಂಡಳು.

“ಅಕ್ಕಾ, ಸುಮ್ಮ ಇಟ್ರೂ ನಿಮ್ಮ ಕೈ ನಡಗಾಕತ್ತದಲ್ರಿ. ಡಾಕ್ಟರಿಗೆ ತೋರಸ್ರಿ.”

“ವಯಸ್ಸಾತು, ಅಷ್ಟ,” ಎಂದೆ ನಾನು, ಬಸ್ಸಿನ ಹೊತ್ತಾಗುತ್ತದೆ ಎಂಬ ಅವಸರದಲ್ಲಿ. ಆದರೆ ಶರಣಮ್ಮ ಪಟ್ಟು ಬಿಡಲಿಲ್ಲ. ಮರುವಾರ ಕಲಬುರಗಿಗೆ ಹೋದೆವು. ಡಾಕ್ಟರರು ಅವಳನ್ನು ನಡೆಸಿ, ಬೆರಳು ಮಡಚಿಸಿ, ಬಿಡಿಸಿ ನೋಡಿ, ಪಾರ್ಕಿನ್ಸನ್ ಎಂದರು. ನಾಚಿಕೆಬಿಟ್ಟು ಹೇಳುತ್ತೇನೆ, ಆ ಹೆಸರು ಕೇಳಿದಾಗ ನನಗೆ ಮೊದಲು ಅನ್ನಿಸಿದ್ದು ಅದರ ಕಾಗುಣಿತ ನನಗೆ ಗೊತ್ತಿದೆ ಎಂದು.

ಮರಳುವ ಬಸ್ಸಿನಲ್ಲಿ ಶರಣಮ್ಮ ಕೇಳಿದಳು, “ಯಾರ್ರಿ ಅಂವ? ಅವನ ಕೈನೂ ನಡಗತಿತ್ತೇನು?”

ಇಲ್ಲ, ಅವನು ಲಂಡನ್ನಿನ ವೈದ್ಯ, ಬೇರೆಯವರಲ್ಲಿ ನೋಡಿ ಬರೆದಿಟ್ಟ, ಅವರಲ್ಲಿ ಕೆಲವರನ್ನಂತೂ ಬೀದಿಯಲ್ಲಿ ಹೋಗುವಾಗ ಕಂಡದ್ದಷ್ಟೇ ಎಂದು ನಾನು ಪಾಠ ಒಪ್ಪಿಸಿದೆ.

“ಅಂದ್ರ, ರೋಗ ಬಂದವರ ಹೆಸರಲ್ಲ. ನೋಡಿದವರ ಹೆಸರು.”

“ಹೌದು.”

“ಹಂಗಾದ್ರ ನನ್ನ ರೋಗಕ್ಕ ಹುಸೇನಬೀ ಅಂತ ಇಡ್ರಿ,” ಎಂದಳು. ಬಳೆಯವಳ ಹೆಸರು ಅದೆಂದು ನನಗೆ ಗೊತ್ತಾದದ್ದೇ ಆಗ. “ಅಂವ ಯಾರೋ ಪರದೇಶದಂವ, ದಾರ್ಯಾಗ ಹೋಗೋರ್ನ ನೋಡಿದ್ರ ತಿಳೀತು. ನೀವು ವರ್ಷಾನಗಟ್ಲೆ ಎದುರಿಗೇ ಕುಂತು ಉಂಡ್ರಿ.”

ಮೂವತ್ತು ವರ್ಷ ಪ್ರಶ್ನೆ ಕೇಳಿದ ಮೇಷ್ಟ್ರಿಗೆ ತುಂಬಾ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಆ ಹೆದರಿಕೆಯಲ್ಲಿ ಇನ್ನೊಂದು ಜಾಣತನ ಮಾಡಿದೆ. ನಾಳೆಯಿಂದ ರೊಟ್ಟಿಯನ್ನು ಅಂಗಡಿಯಿಂದಲೇ ತಂದರಾಯಿತು, ನೀನು ಆರಾಮಾಗಿರು ಎಂದೆ. ಅವಳ ಮುಖ ಸಣ್ಣದಾಯಿತು. ರೋಗದ ಹೆಸರು ಕೇಳಿದಾಗಲೂ ಅದು ಹಾಗಾಗಿರಲಿಲ್ಲ.

“ಕೈ ಬಡಿಯೂದು ನಿಂತ ಮ್ಯಾಲ ತರ್ರಿ,” ಎಂದಳು. “ಇನ್ನಾ ನಿಂತಿಲ್ಲ.”

ಮರುದಿನ ಬೆಳಿಗ್ಗೆ ಅವಳು ಒಲೆಯ ಮುಂದೆ ಕುಳಿತಾಗ ನಾನೂ ಎದುರಿಗೆ ಕುಳಿತೆ. ಊಟಕ್ಕಲ್ಲ, ನೋಡಲಿಕ್ಕೆ. ಹಾಗೆ ಕಣ್ಣು ಕೀಲಿಸಿ ಕುಳಿತವನನ್ನು ಕಂಡು ಅವಳಿಗೆ ನಗು ಬಂತು.

“ನೋಡಿದ್ದು ಸಾಕ್ರಿ, ಹಿಟ್ಟ ನಾದ್ರಿ.”

ನಾದಿದೆ. ನೀರು ಹೆಚ್ಚಾಯಿತು, ಬೈಸಿಕೊಂಡೆ, ಮತ್ತೆ ನಾದಿದೆ. ಅವಳು ಬಡಿದಳು. ಮೂರು ರೊಟ್ಟಿ ಹೇಗೋ ಆದವು. ನಾಲ್ಕನೆಯದರ ನಡುವೆ ಅವಳ ಬಲಗೈ ತಡವರಿಸಿತು. ಏನೂ ಆಗಿಲ್ಲವೆಂಬಂತೆ ಅವಳು ಎಡಗೈಯನ್ನು ಮುಂದೆ ತಂದಳು. ನಾನು ಅವಳ ಪಕ್ಕಕ್ಕೆ ಸರಿದು, ಉಳಿದರ್ಧ ರೊಟ್ಟಿಯನ್ನು ಬಡಿದೆ. ಈ ಸಲ ಕೈ ತಡವರಿಸಿದ್ದನ್ನು ಮೊದಲು ನೋಡಿದವನು ನಾನು.